ಉಪಗ್ರಹಗಳಿಗೆ ಲೇಸರ್ ಹಾಯಿಸಿ ಅಳೆದ ದೂರಗಳನ್ನು ದೇಶಗಳು ಪುಕ್ಕಟೆಯಾಗಿ ಹಂಚಿಕೊಳ್ಳುವುದೇಕೆ? ಆ ದತ್ತಾಂಶ ನಮ್ಮಂಥವರಿಗೂ ಸಿಗುತ್ತದೆಯೇ?

ಖಂಡಿತ ಸಿಗುತ್ತದೆ. ಹಂಚುವುದರ ಹಿಂದೆ ಔದಾರ್ಯಕ್ಕಿಂತ ಹೆಚ್ಚಾಗಿ ಅನಿವಾರ್ಯತೆಯಿದೆ.

ನಾನು ಚಿಕ್ಕಬಳ್ಳಾಪುರದಲ್ಲಿ ಪದವಿ ತರಗತಿಗಳಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಈ ವಿಷಯ ಬಂದಾಗ ಯಾರಾದರೊಬ್ಬರು, “ಸಾರ್, ನಂದಿ ಬೆಟ್ಟದ ಮೇಲೆ ನಮ್ಮದೇ ಒಂದು ಕೇಂದ್ರ ಇದ್ದರೆ ಸಾಲದೇ?” ಎಂದು ಕೇಳಿಯೇ ಕೇಳುತ್ತಾರೆ. ಇದೆಯೆಂದೇ ಇಟ್ಟುಕೊಳ್ಳಿ. 1976ರಲ್ಲಿ ಹಾರಿಸಿದ ಲೇಜಿಯೋಸ್ ಉಪಗ್ರಹ 60 ಸೆಂಟಿಮೀಟರ್ ವ್ಯಾಸದ ಲೋಹದ ಗೋಳ. ಮೈತುಂಬ ಲೇಸರ್ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ 426 ಪ್ರತಿಫಲಕಗಳು, ಯಂತ್ರವಿಲ್ಲ, ಬ್ಯಾಟರಿಯಿಲ್ಲ. ಬೆಳಕು ಹೋಗಿ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಸುಮಾರು 5,900 ಕಿಲೋಮೀಟರ್ ಎತ್ತರದಲ್ಲಿ ಮೂರೂಮುಕ್ಕಾಲು ಗಂಟೆಗೊಂದು ಸುತ್ತು ಹಾಕುತ್ತದೆ. ಆ ಸುತ್ತಿನಲ್ಲಿ ನಂದಿಗೆ ಕಾಣುವುದು ಒಂದು ತುಣುಕು, ಅದೂ ಮೋಡವಿಲ್ಲದಿದ್ದರೆ. ನಂದಿಗೆ ಜನ ಹೋಗುವುದೇ ಮೋಡ ನೋಡಲು! ಉಳಿದ ಭಾಗವನ್ನು ಆಸ್ಟ್ರೇಲಿಯಾದ ಯಾರಗಡೀ, ಆಸ್ಟ್ರಿಯಾದ ಗ್ರಾಜ್, ಇಟಲಿಯ ಮಟೇರಾದಂಥ ಕೇಂದ್ರಗಳು ತುಂಬಿಕೊಡಬೇಕು. ದೂರದರ್ಶಕವನ್ನು ಯಾವ ಕ್ಷಣ ಎತ್ತ ತಿರುಗಿಸಬೇಕೆಂಬ ಮುನ್ಸೂಚನೆಯನ್ನು ಲೆಕ್ಕ ಹಾಕುವುದೂ ಹೀಗೆ ಎಲ್ಲರೂ ಹಿಂದೆ ಕೊಟ್ಟ ಅಳತೆಗಳಿಂದಲೇ. ರಾಗಿ ಕೊಯ್ಲಿಗೆ ಮುಯ್ಯಾಳು ಹೋಗುವ ನಮ್ಮ ಕಡೆಯವರಿಗೆ ಈ ಏರ್ಪಾಡನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಂಚುವುದಕ್ಕೂ ಶಿಸ್ತು ಬೇಕು. ಬೆಳಕು ಹೋಗಿ ಬರುವ ಸಮಯದಲ್ಲಿ ಸುಮಾರು 7 ಪಿಕೋಸೆಕೆಂಡ್ ಏರುಪೇರಾದರೆ ದೂರ ಒಂದು ಮಿಲಿಮೀಟರ್ ತಪ್ಪುತ್ತದೆ. ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು. ಗಾಳಿ ಬೆಳಕನ್ನು ತುಸು ನಿಧಾನಿಸುವುದರಿಂದ, ಅದರ ಒತ್ತಡವನ್ನು ಒಂದು ಮಿಲಿಬಾರ್ ತಪ್ಪಾಗಿ ಬರೆದುಕೊಂಡರೂ ಎರಡು ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಅದಕ್ಕೇ ಪ್ರತಿ ಕೇಂದ್ರವೂ ದೂರದ ಜೊತೆಗೆ ಹವೆಯ ವಿವರವನ್ನೂ ತನ್ನ ಉಪಕರಣದ ತಪಾಸಣೆಯ ಅಂಕಿಗಳನ್ನೂ ಒಂದೇ ನಮೂನೆಯಲ್ಲಿ ಬರೆದು ಕಳಿಸುತ್ತದೆ. ಲೇಜಿಯೋಸ್‌ನ ವಿಷಯದಲ್ಲಿ ಎರಡೆರಡು ನಿಮಿಷದ ಅಳತೆಗಳನ್ನು ಒಟ್ಟುಗೂಡಿಸಿ ‘ನಾರ್ಮಲ್ ಪಾಯಿಂಟ್’ ಎಂಬ ಒಂದು ಅಂಕಿ ಮಾಡುತ್ತಾರೆ. ಇದನ್ನೆಲ್ಲ 1998ರಿಂದ ನೋಡಿಕೊಳ್ಳುತ್ತಿರುವುದು ಅಂತಾರಾಷ್ಟ್ರೀಯ ಲೇಸರ್ ರೇಂಜಿಂಗ್ ಸೇವೆ. ಭೂಮಿಯ ದ್ರವ್ಯರಾಶಿಯ ಕೇಂದ್ರಬಿಂದು ಎಲ್ಲಿದೆಯೆಂದು ಜಗತ್ತಿನ ನಕ್ಷೆಗಳ ಮೂಲಚೌಕಟ್ಟಿನಲ್ಲಿ ನಿಗದಿಯಾಗುವುದೂ ಈ ಅಳತೆಗಳಿಂದಲೇ. ಜಿಪಿಎಸ್‌ನಂತೆ ಸ್ಥಳ ತಿಳಿಸುವ ನಮ್ಮ ನಾವಿಕ್ ಉಪಗ್ರಹಗಳಲ್ಲೂ ಪ್ರತಿಫಲಕಗಳಿವೆ. ಅವುಗಳ ಕಕ್ಷೆಯ ಲೆಕ್ಕವನ್ನು ತಾಳೆ ನೋಡಲು ಹೊರದೇಶದ ಕೇಂದ್ರಗಳ ಅಳತೆ ಒದಗಿದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನಾಸಾದ ಸಿಡಿಡಿಐಎಸ್, ಮ್ಯೂನಿಕ್‌ನ ಇಡಿಸಿ, ಈ ಎರಡು ಭಂಡಾರಗಳಲ್ಲಿ ಕಡತಗಳು ಸಿಗುತ್ತವೆ. ಸಿಡಿಡಿಐಎಸ್‌ಗೆ ಮೊದಲು ಹೆಸರು ನೋಂದಾಯಿಸಬೇಕು, ಶುಲ್ಕವಿಲ್ಲ. ಕಡತ ಬರೀ ಅಕ್ಷರ, ಅಂಕಿಗಳ ಸಾಲು. ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ. 11 ಎಂದು ಶುರುವಾಗುವ ಸಾಲು ಹುಡುಕಿ. ಅದರ ಮುಂದಿನ ಅಂಕಿ ಆ ದಿನದ ಎಷ್ಟನೆಯ ಸೆಕೆಂಡ್ ಎಂಬುದು, ಅದರಾಚೆಯದು ಬೆಳಕು ಹೋಗಿ ಬಂದ ಸಮಯ. ಅಲ್ಲಿ 0.05 ಸೆಕೆಂಡ್ ಎಂದಿದ್ದರೆ ಬೆಳಕಿನ ವೇಗದಿಂದ ಗುಣಿಸಿ ಅರ್ಧ ಮಾಡಿ: ಸುಮಾರು 7,495 ಕಿಲೋಮೀಟರ್. 20ರಿಂದ ಶುರುವಾಗುವ ಸಾಲಿನಲ್ಲಿ ಒತ್ತಡ, ಉಷ್ಣತೆ, ತೇವಾಂಶ ಇರುತ್ತವೆ. ಉಷ್ಣತೆ 288 ಎಂದು ಕಂಡರೆ ಗಾಬರಿಯಾಗಬೇಡಿ, ಅದು ಕೆಲ್ವಿನ್ ಲೆಕ್ಕ, ಸುಮಾರು 273 ಕಳೆದರೆ ನಮ್ಮ ಸೆಲ್ಸಿಯಸ್. ಸಮಯವೂ ಭಾರತದ್ದಲ್ಲ, ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಸೂಕ್ಷ್ಮ ಸಂವೇದಕಗಳಿರುವ ಕೆಲವು ಉಪಗ್ರಹಗಳ ಮೇಲೆ ಯಾವಾಗೆಂದರೆ ಆಗ ಲೇಸರ್ ಬಿಡುವಂತಿಲ್ಲ. ಅವುಗಳಿಗೆ ಬೇರೆ ಕಟ್ಟಳೆಗಳಿವೆ. ಮೊದಲಿಗೆ ಅವುಗಳ ಗೋಜು ಬೇಡ, ಲೇಜಿಯೋಸ್‌ನ ಒಂದು ದಿನದ ಕಡತ ಇಳಿಸಿಕೊಂಡು ನೋಡಿ.