ಬೀದರ್ ಬಿಟ್ಟು ಬಾ ಅಂದ ಗೆಳೆಯನಿಗೆ

"ಅಲ್ಲಿ ಕನ್ನಡದಲ್ಲಿ ಆರಾಧನೆ ನಡೆಯುತ್ತಾ? ಅಷ್ಟು ವಿರೋಧ ಇದ್ದರೂ ಯಾಕೆ ಅಂಟಿಕೊಂಡಿದ್ದೀಯ? ಬೆಂಗಳೂರಿಗೆ ಬಂದುಬಿಡು" ಅಂತ ಬೀದರಿನಲ್ಲಿ ಪಾಸ್ಟರ್ ಆಗಿರುವ ನನ್ನನ್ನು ಬೈಬಲ್ ಕಾಲೇಜಿನ ಗೆಳೆಯ ಕೇಳಿದ್ದಾನೆ.

ನಡೀತದಪ್ಪ. ಬೈಬಲ್ ವಾಕ್ಯ ಕನ್ನಡದಲ್ಲಿ, ಹಾಡು ಕನ್ನಡ ಮತ್ತು ತೆಲುಗಿನಲ್ಲಿ, ಆಮೇಲೆ ಅಂಗಳದ ಹರಟೆ ದಖನಿ ಉರ್ದುವಿನಲ್ಲಿ. ಔರಾದ್ ಕಡೆಯವರು ಬಂದರೆ ಮರಾಠಿಯೂ ಸೇರುತ್ತದೆ. ನಮಗಿದು ವಿಶೇಷ ಅಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆ ಇದು. ಇಲ್ಲಿನ ಮೆಥೋಡಿಸ್ಟ್ ಪಂಗಡದ ಕ್ರೈಸ್ತ ಸಭೆಗಳು ಅದಕ್ಕಿಂತ ಹಳೆಯವು, ನಿಜಾಮರ ಕಾಲದವು. ಪ್ರವಾಸಕ್ಕೆ ಬಂದವರು ಕೋಟೆ, ಗವಾನ್ ಮದರಸಾ, ಗುರುನಾನಕ್ ಝೀರಾ ನೋಡಿ ಹೋಗುತ್ತಾರೆ. ಮಂಗಲಪೇಟೆಯ ಚರ್ಚ್ ಕೇಳುವವರು ಕಡಿಮೆ. ಇರಲಿ.

ಇನ್ನು ವಿರೋಧ. ನೀನು ಫೋನಿನಲ್ಲಿ ನೋಡುವ ವಿಡಿಯೋಗಳ ಹಾಗೆ ನಮ್ಮ ದಿನ ಇರುವುದಿಲ್ಲ. ಮನೆಯಲ್ಲಿ ಪ್ರಾರ್ಥನೆ ಇಟ್ಟರೆ ಕೆಲವು ಹುಡುಗರು ಬಾಗಿಲಲ್ಲಿ ನಿಂತು ಪರ್ಮಿಷನ್ ಕೇಳುತ್ತಾರೆ. ಠಾಣೆಯಿಂದ ಫೋನ್ ಬರುತ್ತದೆ. ಸಾಹೇಬರು ಬದಲಾದಾಗಲೆಲ್ಲ ಮೊದಲಿನಿಂದ ಹೇಳಬೇಕು. ಹೇಳುತ್ತೇನೆ. ಚಹಾ ಕೊಟ್ಟರೆ ಕುಡಿದು ಬರುತ್ತೇನೆ.

ನನಗೆ ಸಾಕುಸಾಕು ಮಾಡುವುದು ಸಭೆಯ ಸದಸ್ಯರ ರಿಜಿಸ್ಟರ್.

ಭಾನುವಾರ ಮನೆ ತುಂಬಿರುತ್ತದೆ. ರಿಜಿಸ್ಟರ್ ತೆಗೆದರೆ ಕೂತವರಲ್ಲಿ ಅರ್ಧ ಜನರ ಹೆಸರೂ ಇಲ್ಲ. ಕಾರಣ, ಯಾವ ಧರ್ಮದವರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಸಿಗಬೇಕು ಅಂತ ಹೇಳುವ 1950ರ ಪರಿಶಿಷ್ಟ ಜಾತಿ ಆದೇಶ. ಅದರಲ್ಲಿ 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಹೊರಗೇ ಉಳಿದರು. ಒಂದೇ ತಾಯಿಯ ಮಕ್ಕಳಲ್ಲಿ ಅಣ್ಣ ಬುದ್ಧ ವಿಹಾರಕ್ಕೆ ಹೋದರೆ ಜಾತಿ ಸರ್ಟಿಫಿಕೇಟ್ ಉಳಿಯುತ್ತದೆ. ತಮ್ಮ ನೀರಿಗೆ ಇಳಿದು ದೀಕ್ಷಾಸ್ನಾನ ತಗೊಂಡು ಕ್ರೈಸ್ತನಾದರೆ ಹೋಗುತ್ತದೆ. ಜಾತಿ ಮಾತ್ರ ಹೋಗುವುದಿಲ್ಲ, ಊರಿನವರು ಮೊದಲು ಹೇಗೆ ಕರೆಯುತ್ತಿದ್ದರೋ ಈಗಲೂ ಹಾಗೇ ಕರೆಯುತ್ತಾರೆ.

ಹೀಗಾಗಿ ಒಬ್ಬ ತಾಯಿ ವರ್ಷಗಟ್ಟಲೆ ಹಿಂದಿನ ಸಾಲಿನಲ್ಲೇ ಕೂರುತ್ತಾಳೆ. "ಅಯ್ಯನೋರೆ, ಪೋರಿದು ಡಿಗ್ರಿ ಮುಗೀಲ್ರಿ, ಆಮ್ಯಾಲ ನೀರಿಗೆ ಇಳೀತೀನ್ರಿ" ಅನ್ನುತ್ತಾಳೆ. ನಾನೇನು ಹೇಳಲಿ? ಮಗಳ ಹಾಸ್ಟೆಲ್ ಬಿಡಿಸು ಅನ್ನಲಾ? ಕಾಗದದಲ್ಲಿ ಒಂದು, ಮನಸ್ಸಿನಲ್ಲಿ ಒಂದು ಇಟ್ಟುಕೋ ಅನ್ನಲಾ? ಎರಡೂ ನನ್ನ ಬಾಯಿಂದ ಬರುವುದಿಲ್ಲ. ಸುಮ್ನೆ ಪ್ರಾರ್ಥನೆ ಮಾಡಿ ಬರುತ್ತೇನೆ.

ಇದರ ಮೇಲೆ ರಾಜ್ಯದ 2022ರ ಮತಾಂತರ ಕಾನೂನು. ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು, ಸಂಬಂಧಿಕರೇನು, ಜೊತೆ ಕೆಲಸ ಮಾಡುವವರೂ ದೂರು ಕೊಡಬಹುದು ಅಂತ ಬರೆದರು. ಅದನ್ನು ರದ್ದು ಮಾಡುವುದಾಗಿ 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಬಾಗಿಲಲ್ಲಿ ನಿಲ್ಲುವ ಹುಡುಗರಿಗೆ ಮೊದಲಿನ ಸುದ್ದಿ ಮಾತ್ರ ನೆನಪಿದೆ.

ವರ್ಷದ ಕೊನೆಗೆ ನಮ್ಮ ಮೇಲಿನವರು ವರದಿ ನೋಡಿ "ಹೊಸ ಸದಸ್ಯರು ಇಷ್ಟೇನಾ?" ಅನ್ನುತ್ತಾರೆ. ಠಾಣೆಯಲ್ಲಿ "ಇಷ್ಟೊಂದು ಜನರನ್ನು ಹೆಂಗ ಮತಾಂತರ ಮಾಡಿದ್ರಿ?" ಅನ್ನುತ್ತಾರೆ. ಇಬ್ಬರಿಗೂ ಅದೇ ರಿಜಿಸ್ಟರ್ ತೋರಿಸಿದ್ದೇನೆ. ಇಬ್ಬರೂ ನಂಬಲಿಲ್ಲ. ಬೈಬಲಿನ ಪೌಲನಿಗೆ ಏಟು ಬಿತ್ತು, ಸೆರೆಮನೆ ಆಯಿತು, ಹಡಗು ಒಡೆಯಿತು. ಖರೇ, ದೊಡ್ಡ ಕಷ್ಟ. ಆದರೆ ರಿಜಿಸ್ಟರ್ ಬರೆಯುವ ಕೆಲಸ ಅವನಿಗಿರಲಿಲ್ಲ.

ಬೇಜಾರು ಆಗಲ್ವಾ ಅಂದರೆ, ಆಗುತ್ತದೆ. ತಬಲಾ ಬಾರಿಸುತ್ತಿದ್ದ ಹುಡುಗ ಹೈದರಾಬಾದಿಗೆ ಕೆಲಸಕ್ಕೆ ಹೋದ ವಾರ ಜಾಸ್ತಿನೇ ಆಯಿತು. ಹಾಗಂತ ಬೆಂಗಳೂರಿಗೆ ಬಂದು ಏನು ಮಾಡಲಿ? ಅಲ್ಲಿ "ಬೀದರ್ ಕರ್ನಾಟಕದಲ್ಲೇ ಇದೆಯಾ?" ಅನ್ನುತ್ತೀರಿ. ಇಲ್ಲಿ "ನಿಮ್ಮ ಧರ್ಮ ಎಲ್ಲಿಂದ ಬಂತು?" ಅನ್ನುತ್ತಾರೆ. ನನ್ನ ಅಜ್ಜ ಇದೇ ಊರಲ್ಲಿ ಊರವರ ತೊಗರಿ ರಾಶಿ ಮಾಡಿದವರು. ಕೇಳುವವರ ಅಜ್ಜಂದಿರಿಗೆ ಅದು ಗೊತ್ತಿತ್ತು.

ನೀನೇ ಡಿಸೆಂಬರಿಗೆ ಬಾ. ರೊಟ್ಟಿ, ಪುಂಡಿಪಲ್ಯ ಇರುತ್ತದೆ. ಕ್ಯಾರೋಲ್‌ಗೆ ತಬಲಾ ಬಾರಿಸುವವರು ಬೇಕು.