ಆರು ವಾರದ ಗಡುವು

ಆಕೆಗೆ 32 ವರ್ಷ. ನ್ಯೂಜೆರ್ಸಿಯಲ್ಲಿ ಐಟಿ ಕೆಲಸ, ಮನೆಯಲ್ಲಿ ಒಂಬತ್ತು ತಿಂಗಳ ಕೂಸು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸಲಹೆ ಕೇಳಲು ನನಗೆ ಮಾಡಿದ ವಿಡಿಯೋ ಕರೆಯಲ್ಲಿ ಮೊದಲ ಮಾತೇ ಇದು: "ಮೇಡಂ, ನನಗೆ ಆಸೆನೇ ಇಲ್ಲ. ಅದಕ್ಕೊಂದು ಮಾತ್ರೆ ಇದೆಯಂತೆ, ತಗೊಳ್ಳಲಾ?"

ಲೈಂಗಿಕ ಆಸೆಯ ಮಾತದು. ಗಂಡ ಬೇಸರ ಮಾಡಿಕೊಂಡಿದ್ದಾರಾ ಎಂದೆ. ಇಲ್ಲವಂತೆ. ಹಾಗಾದರೆ ತೊಂದರೆ ಅಂತ ಹೇಳಿದ್ದು ಯಾರು?

ಹೆರಿಗೆಯಾದ ಆರನೇ ವಾರ ತಪಾಸಣೆಯಲ್ಲಿ ಡಾಕ್ಟರು "ಇನ್ನು ಶುರು ಮಾಡಬಹುದು" ಅಂದಿದ್ದರು. ಅಮೆರಿಕದಲ್ಲಿ ಇದು ವಾಡಿಕೆಯ ಮಾತು. ಗಾಯ ಮಾಗಿದೆ ಎಂದಷ್ಟೇ ಅರ್ಥ. ಇವರ ಕಿವಿಗೆ ಗಡುವಿನ ಹಾಗೆ ಬಿದ್ದಿತ್ತು. ಮೇಲಿಂದ ಆಫೀಸಿನ ಗೆಳತಿಯರ ಲೆಕ್ಕ: ವಾರಕ್ಕೆ ಇಷ್ಟು ಸಲ ಆದರೇ ಸಂಸಾರ ಚೆನ್ನಾಗಿದೆ ಅಂತ.

ಇವರ ಅಮ್ಮ ತವರಲ್ಲಿ ಐದು ತಿಂಗಳು ಬಾಣಂತನ ಮಾಡಿಸಿಕೊಂಡವರು. ಗಂಡನಿಂದ ದೂರ. ಅದೇ ಮೇಲು ಅಂತ ನಾನು ಹೇಳಲಿಲ್ಲ. ವಾಪಸು ಬಂದ ಮೇಲೆ ಆಸೆ ಇದೆಯಾ ಅಂತ ಅಮ್ಮನನ್ನೂ ಯಾರೂ ಕೇಳಿರಲಿಕ್ಕಿಲ್ಲ, ಅಲ್ವಾ?

ಆ ಮಾತ್ರೆ ಫ್ಲಿಬಾನ್ಸೆರಿನ್. ಅಮೆರಿಕದಲ್ಲಿ 2015ರ ಆಗಸ್ಟಿನಲ್ಲಿ ಒಪ್ಪಿಗೆ ಸಿಕ್ಕಿದ್ದು. ಆಗ ಒಪ್ಪಿದ್ದು ಆಸೆ ಕುಂದಿ, ಅದರಿಂದ ಸ್ವತಃ ಸಂಕಟಪಡುವ, ಮುಟ್ಟು ಇನ್ನೂ ನಿಂತಿರದ ಹೆಂಗಸರಿಗೆ. ಹಾಲುಣಿಸುವಾಗ ಬೇಡ ಅನ್ನುತ್ತಾರೆ. ಇವರು ಇನ್ನೂ ಹಾಲುಣಿಸುತ್ತಿದ್ದರು! ತಮಾಷೆ ನೋಡಿ, 19ನೇ ಶತಮಾನದ ಲಂಡನ್ ವೈದ್ಯ ವಿಲಿಯಂ ಆಕ್ಟನ್, ಹೆಚ್ಚಿನ ಹೆಂಗಸರಿಗೆ ಕಾಮದ ಗೊಡವೆಯೇ ಇಲ್ಲ ಎಂದು ಬರೆದಿದ್ದ. ಆಗ ಸಹಜ ಅಂದದ್ದಕ್ಕೆ ಈಗ ಮಾತ್ರೆ. ಇದನ್ನು ಹೇಳಿದಾಗ ಆಕೆ ಮೊದಲ ಸಲ ನಕ್ಕರು.

ಸಲಹೆ ಕೊಟ್ಟದ್ದು ಸರಳ. ಹಾಲುಣಿಸುವಾಗ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿಯುತ್ತದೆ, ಯೋನಿ ಒಣಗಿದಂತಾಗಿ ಕೂಡುವಾಗ ನೋವೂ ಬರಬಹುದು. ಇವರಿಗೂ ನೋಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಸ್ತ್ರೀರೋಗ ತಜ್ಞರಿಗೆ ಅದನ್ನೇ ಮೊದಲು ಹೇಳಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ, ಮನಸ್ಸು ಸದಾ ಕುಗ್ಗಿದ್ದರೆ ಅದನ್ನೂ ಮುಚ್ಚಿಡಬೇಡಿ ಎಂದೆ. ರಾತ್ರಿಯ ಒಂದು ಪಾಳಿ ಗಂಡ ಮಗುವನ್ನು ನೋಡಿಕೊಳ್ಳಲಿ. ಎಣಿಸುವುದು ನಿಲ್ಲಲಿ. ನೋವಿನ ವಿಷಯ ಗಂಡನಿಗೆ ಕನ್ನಡದಲ್ಲೇ ಹೇಳಿ ಎಂದೆ. ಆಕೆ ಗೊಂದಲಕ್ಕೆ ಬಿದ್ದರು. "ಇಂಗ್ಲಿಷಲ್ಲಾದ್ರೆ ಸಲೀಸು ಮೇಡಂ. ಕನ್ನಡದಲ್ಲಿ ಆ ಮಾತು ಬಾಯಿಗೇ ಬರಲ್ಲ."

ಎರಡು ವಾರದ ನಂತರ ಕರೆ ಬಂತು. ಥೈರಾಯ್ಡ್ ಸರಿಯಿದೆ, ಹಿಮೋಗ್ಲೋಬಿನ್ ಕಡಿಮೆ. ಗಂಡನಿಗೆ ಹೇಳಿದ್ದಾರೆ, ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಮುಂದಿನ ಸಲ ಅವರೂ ಕೂರುತ್ತಾರಂತೆ.