ಮನೇಲೇ ಮ್ಯೂಸಿಕ್ ಮಾಡೋಕೆ ಎಲ್ಲದಕ್ಕೂ ಆಗೋ ಒಂದೇ ಸಾಫ್ಟ್‌ವೇರ್ ಸಿಂಥ್ (ಕಂಪ್ಯೂಟರ್‌ನಲ್ಲೇ ನಾದ ಹುಟ್ಟಿಸೋ ವಾದ್ಯ) ಯಾವ್ದು ತಗೊಳ್ಳಲಿ?

ಮೊದಲು ದುಡ್ಡು ಹಾಕ್ಬೇಡಿ. ವೈಟಲ್ ಅಂತ ಇದೆ, 2020ರಲ್ಲಿ ಬಂದಿದ್ದು, ಅದರ ಫ್ರೀ ವರ್ಷನ್‌ನಲ್ಲೂ ಸಿಂಥ್ ಪೂರ್ತಿ ಸಿಗುತ್ತೆ, ಪ್ರೀಸೆಟ್, ಅಂದ್ರೆ ಮೊದಲೇ ಮಾಡಿಟ್ಟ ನಾದಗಳು, ಮಾತ್ರ ಕಮ್ಮಿ (75). ಇದು ವೇವ್‌ಟೇಬಲ್ ಸಿಂಥ್, ಅಂದ್ರೆ ಒಂದರ ಪಕ್ಕ ಒಂದು ಜೋಡಿಸಿಟ್ಟ ಅಲೆಗಳ ಮಧ್ಯೆ ಸರೀತಾ ಹೋದ ಹಾಗೆ ನಾದದ ಬಣ್ಣ ಬದಲಾಗುತ್ತೆ. ಎಲ್‌ಎಫ್‌ಓನ (ನಾಬ್‌ನ ತಾನಾಗೇ ನಿಧಾನಕ್ಕೆ ಆಡಿಸೋ ಅಲೆ) ಎಳೆದು ಯಾವ ನಾಬ್ ಮೇಲೆ ಬಿಟ್ರೂ ಆ ನಾಬ್ ಕಣ್ಣೆದುರೇ ಅಲ್ಲಾಡುತ್ತೆ, ಕಲಿಯೋರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ನಾನು ಕಂಡಿಲ್ಲ. ಯೂನಿಸನ್ (ಒಂದೇ ಸ್ವರದ ಹಲವು ಪ್ರತಿಗಳನ್ನ ಒಟ್ಟಿಗೆ ನುಡಿಸೋದು) ಜಾಸ್ತಿ ಮಾಡಿದ್ರೆ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ, ಅಷ್ಟೇ.

ಎರಡನೇದು ಸರ್ಜ್ ಎಕ್ಸ್‌ಟಿ. ಇದರ ಹಳೇ ರೂಪ ಸರ್ಜ್‌ನ ಮೊದಲು ದುಡ್ಡು ಕೊಟ್ಟು ತಗೋಬೇಕಿತ್ತು, 2018ರಲ್ಲಿ ಓಪನ್ ಸೋರ್ಸ್ ಆಯ್ತು, ಈಗ ಪೂರ್ತಿ ಫ್ರೀ. ನೋಡೋಕೆ ಸ್ವಲ್ಪ ಗಜಿಬಿಜಿ, ಆದ್ರೆ ಎಫ್‌ಎಂ (ಒಂದು ಅಲೆಯಿಂದ ಇನ್ನೊಂದರ ಕಂಪನ ಬದಲಿಸೋ ವಿಧಾನ), ವೇವ್‌ಟೇಬಲ್, ತಂತಿ ಮೀಟಿದಂಥ ಸ್ಟ್ರಿಂಗ್ ಆಸಿಲೇಟರ್ (ನಾದ ಹುಟ್ಟಿಸೋ ಭಾಗ) ಎಲ್ಲಾ ಒಂದರಲ್ಲೇ ಇದೆ. ನಮ್ಮ ಸಂಗೀತ ಮಾಡೋರಿಗೆ ನಾನು ಇದನ್ನೇ ಹೇಳೋದು, ಯಾಕಂದ್ರೆ ಸ್ಕಾಲಾ ಟ್ಯೂನಿಂಗ್ ಫೈಲ್ (ಸ್ವರಗಳ ಶ್ರುತಿ ಬರೆದಿಟ್ಟ ಫೈಲ್) ಹಾಕಿ ಪಿಯಾನೋದ 12 ಸಮ ಸ್ವರಗಳನ್ನ ಬಿಟ್ಟು ನಿಮಗೆ ಬೇಕಾದ ಸ್ವರಸ್ಥಾನ ಕೂರಿಸಬಹುದು. ಗಮಕ ಬೇಕಂದ್ರೆ ಪಿಚ್ ಬೆಂಡ್ ರೇಂಜ್ (ಸ್ವರನ ಎಷ್ಟು ದೂರ ಜಗ್ಗಬಹುದು ಅನ್ನೋದು, ಅರ್ಧ ಸ್ವರಗಳ ಲೆಕ್ಕದಲ್ಲಿ) 2ರಲ್ಲೇ ಬಿಡಬೇಡಿ, 5 ಅಥವಾ 7 ಮಾಡಿ, ವಾಯ್ಸ್ ಮೋಡ್ ಮೋನೋಗೆ (ಒಂದು ಸಲಕ್ಕೆ ಒಂದೇ ಸ್ವರ) ಹಾಕಿ ಸ್ವಲ್ಪ ಗ್ಲೈಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಕೊಡಿ.

ನಿಜವಾದ ವೀಣೆ, ಕೊಳಲು ಥರಾನೇ ಕೇಳ್ಬೇಕು ಅಂದ್ರೆ ಇವೆರಡೂ ಆಗಲ್ಲ, ಅದಕ್ಕೆ ಸ್ಯಾಂಪಲ್ ಲೈಬ್ರರಿನೇ (ನಿಜವಾದ ವಾದ್ಯಗಳ ರೆಕಾರ್ಡಿಂಗ್ ಸಂಗ್ರಹ) ಬೇಕು. ಓಮ್ನಿಸ್ಫಿಯರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸಿಂಥೂ ಸ್ಯಾಂಪಲ್ಲೂ ಎರಡೂ ಇದೆ, ಆದ್ರೆ ದುಬಾರಿ, ಡಿಸ್ಕ್‌ನಲ್ಲಿ ಜಾಗಾನೂ ತುಂಬಾ ತಿನ್ನುತ್ತೆ.